ಪರದೇಶದ ಸೊಸೆಗೆ ಸಲ್ಲತಕ್ಕ ಸವಲತ್ತುಗಳು

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆ ಮೊದಲಾದ ನಮ್ಮ ಸೀಮೆಯ ಮನೆತನಗಳಿಗೆ ಗಡಿಯಾಚೆಯಿಂದ ಸೊಸೆಯನ್ನು ತರುವುದು ಹೊಸ ಸಂಗತಿಯಲ್ಲ. ಆನೇಕಲ್ಲು, ಮಾಲೂರು, ಕುಪ್ಪಂ ಕಡೆಗಳೊಡನೆ ಹೆಣ್ಣು ಕೊಟ್ಟು ತರುವ ನಂಟಸ್ತಿಕೆಯು ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಬಹುಕಾಲ ಮೊದಲೇ ಇದ್ದಿತು. ಪುನರ್ವಿಂಗಡಣೆಯಾದ ಮೇಲೂ ಅದು ನಿಲ್ಲಲಿಲ್ಲ. ಅಂತಹ ಸೊಸೆಯ ಹೆಸರನ್ನು ತೌರಿನ ರೇಷನ್ ಕಾರ್ಡಿನಿಂದ ತೆಗೆಯಿಸಿ ಇಲ್ಲಿಯ ಕಾರ್ಡಿಗೆ ಸೇರಿಸುವ ಕ್ರಮವನ್ನು ನಮ್ಮ ಹಿರಿಯರು ಬಲ್ಲರು. ಆದರೆ ಸೊಸೆಯಾಗಲಿ ಅಳಿಯನಾಗಲಿ ದೇಶದ ಗಡಿಯನ್ನೇ ದಾಟಿ ಬಂದಾಗ ಮಾಡತಕ್ಕುದೇನು ಎಂಬುದು ಬಹುಮಂದಿಗೆ ತಿಳಿಯದು. ಮಸ್ಕತ್ತಿಗೋ ಕುವೈತಿಗೋ ದುಡಿಯಲು ಹೋದವನು ಅಲ್ಲಿ ಫಿಲಿಪ್ಪೀನ್ಸಿನ ದಾದಿಯನ್ನು ಮದುವೆಯಾಗಿ ಊರಿಗೆ ಮರಳುತ್ತಾನೆ. ಜರ್ಮನಿಯಲ್ಲಿ ಓದಿದವಳು ಆ ನಾಡಿನ ಗಂಡನೊಡನೆ ಬರುತ್ತಾಳೆ. ಇವರ ಸಂಖ್ಯೆ ಹೆಚ್ಚಿರಲಾರದು. ಆದರೂ ತೊಡಕು ಬಂದ ಮನೆಗೆ ಅದು ಚಿಕ್ಕದಲ್ಲ.

ಇಂತಹ ಕುಟುಂಬಗಳು ಸಾಮಾನ್ಯವಾಗಿ ಮೊದಲು ಕೇಳುವುದು ರೇಷನ್ ಕಾರ್ಡನ್ನು. ಅಲ್ಲಿ ‘ಇವರು ಭಾರತದ ಪೌರರಲ್ಲ’ ಎಂಬ ಉತ್ತರ ಬಂದೊಡನೆ, ಇನ್ನು ಈಕೆಗೆ ಈ ದೇಶದಲ್ಲಿ ಏನೂ ಸಲ್ಲದೆಂದು ಬಗೆದು ಮನೆಗೆ ಹಿಂತಿರುಗುತ್ತಾರೆ. ಈ ನಿರ್ಣಯವು ತಪ್ಪು. ನಮ್ಮ ದೇಶದ ಸವಲತ್ತುಗಳೆಲ್ಲವೂ ಒಂದೇ ಬೇರಿನಿಂದ ಹುಟ್ಟಿದವುಗಳಲ್ಲ. ಕೆಲವು ದುಡಿದವನ ದುಡಿಮೆಯಿಂದ ಹುಟ್ಟುತ್ತವೆ. ಅವು ಅವನ ಹೆಂಡತಿಗೆ ಹೆಂಡತಿಯೆಂಬ ಕಾರಣದಿಂದಲೇ ಸಲ್ಲುತ್ತವೆ. ಕೆಲವು ಇಲ್ಲಿ ವಾಸವಾಗಿರುವುದರಿಂದ ಬರುತ್ತವೆ. ಉಳಿದವು ಮಾತ್ರ ಪೌರತ್ವವನ್ನು ಕೇಳುತ್ತವೆ. ಈ ವಿಂಗಡಣೆಯನ್ನು ಅರಿಯದ ಕುಟುಂಬವು ಮೂರನೆಯದಕ್ಕಾಗಿ ವರ್ಷಗಟ್ಟಲೆ ಅಲೆಯುತ್ತ, ಕೈಯಳತೆಯಲ್ಲಿಯೇ ಇದ್ದ ಮೊದಲನೆಯದನ್ನು ಬಿಟ್ಟುಕೊಡುತ್ತದೆ.

ಸಂವಿಧಾನದಲ್ಲಿಯೇ ಈ ಭೇದವು ಕಾಣುತ್ತದೆ. ವಾಕ್‌ಸ್ವಾತಂತ್ರ್ಯ, ಸಂಚಾರ ಸ್ವಾತಂತ್ರ್ಯಗಳನ್ನು ಹೇಳುವ ೧೯ನೆಯ ವಿಧಿಯು ‘ಪೌರರು’ ಎನ್ನುತ್ತದೆ. ಸಮಾನತೆಯನ್ನು ಹೇಳುವ ೧೪ನೆಯ ವಿಧಿಯೂ, ಪ್ರಾಣ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸುವ ೨೧ನೆಯ ವಿಧಿಯೂ ‘ವ್ಯಕ್ತಿ’ ಎನ್ನುತ್ತವೆ. ಅರುಣಾಚಲ ಪ್ರದೇಶದ ಚಕ್ಮಾ ಜನರ ಮೊಕದ್ದಮೆಯಲ್ಲಿ ೧೯೯೬ರಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಸ್ಪಷ್ಟಪಡಿಸಿ, ಪೌರನಾಗಿರಲಿ ಆಗದಿರಲಿ ಮನುಷ್ಯನ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಾಯುವುದು ರಾಜ್ಯದ ಕರ್ತವ್ಯವೆಂದು ಹೇಳಿತು. ಒಂದು ಕಾಯಿದೆಯನ್ನೋ ಯೋಜನೆಯನ್ನೋ ಓದುವಾಗ ಅದರಲ್ಲಿರುವ ಶಬ್ದವು ‘ಪೌರ’ವೋ ‘ವ್ಯಕ್ತಿ’ಯೋ ‘ನಿವಾಸಿ’ಯೋ ‘ಪತ್ನಿ’ಯೋ ಎಂಬುದನ್ನು ಮೊದಲು ನೋಡತಕ್ಕುದು. ಮಕ್ಕಳ ಶಿಕ್ಷಣದ ಹಕ್ಕನ್ನು ಕೊಟ್ಟ ೨೦೦೯ರ ಕಾಯಿದೆಯಲ್ಲಿ ೬ರಿಂದ ೧೪ ವರ್ಷದ ‘ಪ್ರತಿಯೊಂದು ಮಗು’ ಎಂದಿದೆ. ಆದಕಾರಣ ತಾಯಿ ಯಾವ ದೇಶದವಳೆಂಬ ಪ್ರಶ್ನೆಯು ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಅಡ್ಡಿಯಾಗಕೂಡದು.

ಮೊದಲಿಗೆ ದುಡಿಮೆಯಿಂದ ಹುಟ್ಟುವ ಹಕ್ಕುಗಳನ್ನು ನೋಡೋಣ. ೧೯೭೦ರ ದಶಕದಿಂದ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬೆಳೆದ ಹೊಸೂರಿನಲ್ಲಿ ಇವುಗಳ ಮಹತ್ವವು ಹೆಚ್ಚಿನದು. ಪರದೇಶದಿಂದ ಮರಳಿದವನು ಇಲ್ಲಿಯ ಕಾರ್ಖಾನೆಯೊಂದರಲ್ಲಿಯೋ, ಗಡಿಯಾಚೆ ಬೊಮ್ಮಸಂದ್ರ ಜಿಗಣಿಗಳಲ್ಲಿಯೋ ಕೆಲಸಕ್ಕೆ ಸೇರಿದನೆಂದು ಭಾವಿಸಿರಿ. ಅವನ ಸಂಬಳವು ತಿಂಗಳಿಗೆ ೨೧,೦೦೦ ರೂಪಾಯಿಗಳನ್ನು ಮೀರದಿದ್ದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ, ಅಂದರೆ ಜನರು ಇ.ಎಸ್.ಐ. ಎನ್ನುವ ಯೋಜನೆಗೆ, ಅವನು ಸೇರುತ್ತಾನೆ. ಈ ಮಿತಿಯು ೨೦೧೭ರಿಂದ ಜಾರಿಯಲ್ಲಿದೆ. ಆ ಯೋಜನೆಯಲ್ಲಿ ‘ಕುಟುಂಬ’ವೆಂದರೆ ಮೊದಲು ಬರುವವಳು ಹೆಂಡತಿ. ಆಕೆ ಭಾರತೀಯಳಾಗಿರಬೇಕೆಂಬ ಮಾತು ಆ ವಿವರಣೆಯಲ್ಲಿ ಇಲ್ಲ. ಭವಿಷ್ಯ ನಿಧಿಯೊಡನೆ ಬರುವ ೧೯೯೫ರ ನೌಕರರ ಪಿಂಚಣಿ ಯೋಜನೆಯೂ ಹಾಗೆಯೇ. ಸದಸ್ಯನು ಕೆಲಸದಲ್ಲಿರುವಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಸಂದಿದ್ದರೂ ಅವನ ವಿಧವೆಗೆ ಪಿಂಚಣಿ ಸಲ್ಲುತ್ತದೆ. ಇಬ್ಬರು ಮಕ್ಕಳಿಗೆ ೨೫ ವರ್ಷ ತುಂಬುವವರೆಗೆ ಬೇರೆ ಪಿಂಚಣಿಯುಂಟು. ವಿಧವೆಯು ಮರುಮದುವೆಯಾದರೆ ಮಾತ್ರ ಆಕೆಯದು ನಿಲ್ಲುತ್ತದೆ. ೨೦೧೪ರಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ ೧,೦೦೦ ರೂಪಾಯಿಗಳೆಂದು ಗೊತ್ತುಪಡಿಸಿದರು. ಮೊತ್ತವು ಅಲ್ಪವೇ ಸರಿ. ಆದರೆ ಅದು ಯಾರ ದಯೆಯಿಂದಲೂ ಬರುವುದಲ್ಲ.

ಇಲ್ಲಿ ಎಷ್ಟೋ ಮನೆಗಳವರು ಎಡವುವ ಒಂದು ಸ್ಥಳವಿದೆ. ಯುವಕನು ಮದುವೆಗೆ ಮೊದಲು ಕೆಲಸಕ್ಕೆ ಸೇರಿದಾಗ ನಾಮನಿರ್ದೇಶನ ಪತ್ರದಲ್ಲಿ ತಾಯಿಯ ಹೆಸರನ್ನು ಬರೆದಿರುತ್ತಾನೆ, ಅದು ಸಹಜ. ಭವಿಷ್ಯ ನಿಧಿಯ ನಿಯಮದಂತೆ, ಸದಸ್ಯನಿಗೆ ಕುಟುಂಬವಿಲ್ಲದಾಗ ಮಾಡಿದ ನಾಮನಿರ್ದೇಶನವು ಅವನು ಕುಟುಂಬಸ್ಥನಾದೊಡನೆ ಅಸಿಂಧುವಾಗುತ್ತದೆ, ಹೊಸದನ್ನು ಮಾಡಬೇಕು. ಮಾಡದೆ ಬಿಟ್ಟು, ಮುಂದೆ ಅವನಿಗೆ ಏನಾದರೂ ಆದಾಗ, ಒಂದು ಕಡೆ ಹೆಸರು ಬರೆಯಲ್ಪಟ್ಟ ಅತ್ತೆಯೂ ಮತ್ತೊಂದು ಕಡೆ ಭಾಷೆಯರಿಯದ ಸೊಸೆಯೂ ಒಂದೇ ಕಚೇರಿಯ ಮುಂದೆ ನಿಲ್ಲಬೇಕಾಗುತ್ತದೆ. ಆ ಹೊತ್ತಿನಲ್ಲಿ ಸೊಸೆಯ ಹಕ್ಕು ನಿಲ್ಲುವುದು ವಿವಾಹದ ಪತ್ರವೊಂದರ ಮೇಲೆಯೇ. ಅದಿಲ್ಲದಿದ್ದರೆ ಆಕೆ ಯಾರೆಂಬುದನ್ನೇ ಮೊದಲು ಸ್ಥಾಪಿಸಬೇಕಾಗುತ್ತದೆ.

ಆದುದರಿಂದ ಎಲ್ಲಕ್ಕಿಂತ ಮೊದಲಿನದು ವಿವಾಹದ ದಾಖಲೆ. ಪರದೇಶದಲ್ಲಿ ನಡೆದ ಮದುವೆಗೆ ೧೯೬೯ರ ವಿದೇಶೀ ವಿವಾಹ ಕಾಯಿದೆಯುಂಟು. ವಧೂವರರಲ್ಲಿ ಒಬ್ಬರಾದರೂ ಭಾರತದ ಪೌರರಾಗಿದ್ದರೆ, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆ ಮಾಡಿಕೊಳ್ಳಬಹುದು. ಆ ನಾಡಿನ ಕಾನೂನಿನಂತೆ ಆದ ಮದುವೆಯನ್ನು ನೋಂದಾಯಿಸಲೂಬಹುದು. ವಿಮಾನ ಹತ್ತುವುದಕ್ಕೆ ಮೊದಲು ಈ ಕೆಲಸವನ್ನು ಮುಗಿಸಿಕೊಂಡು ಬಂದವರಿಗೆ ಮುಂದಿನ ಅರ್ಧ ಕಷ್ಟವಿಲ್ಲ. ಮುಗಿಸದೆ ಬಂದವರಿಗೆ ೧೯೫೪ರ ವಿಶೇಷ ವಿವಾಹ ಕಾಯಿದೆಯಿದೆ: ಬೇರೆ ವಿಧಿಯಂತೆ ಆಗಿರುವ ಮದುವೆಯನ್ನೂ ಆ ಕಾಯಿದೆಯ ಕೆಳಗೆ ನೋಂದಾಯಿಸಲು ಅವಕಾಶವುಂಟು. ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ೩೦ ದಿನಗಳ ವಾಸವೂ, ನೋಟೀಸು ಹಾಕಿ ೩೦ ದಿನ ಕಾಯುವುದೂ ಅವಶ್ಯ. ಮದುವೆಯು ತಮಿಳುನಾಡಿನಲ್ಲಿಯೇ ನಡೆದಿದ್ದರೆ ೨೦೦೯ರ ರಾಜ್ಯ ಕಾಯಿದೆಯಂತೆ ಅದನ್ನು ೯೦ ದಿನಗಳೊಳಗಾಗಿ ನೋಂದಾಯಿಸುವುದು ಕಡ್ಡಾಯವೇ ಆಗಿದೆ. ಪರದೇಶದ ಸರಕಾರವು ಕೊಟ್ಟ ಪತ್ರಕ್ಕೆ ಅಪಾಸ್ಟಿಲ್ ಎಂಬ ಮುದ್ರೆಯನ್ನು ಆ ದೇಶದಲ್ಲಿಯೇ ಹಾಕಿಸಬೇಕು. ೧೯೬೧ರ ಹೇಗ್ ಒಪ್ಪಂದದ ಈ ಪದ್ಧತಿಗೆ ಭಾರತವು ೨೦೦೫ರಲ್ಲಿ ಸೇರಿತು; ಒಮಾನ್, ಫಿಲಿಪ್ಪೀನ್ಸ್‌ಗಳೂ ಸೇರಿವೆ. ಸೇರದ ದೇಶಗಳ ಪತ್ರಗಳಿಗೆ ನಮ್ಮ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುವುದು.

ಪತ್ರಗಳ ಮಾತು ಬಂದಾಗ ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ತೊಡಕನ್ನು ಹೇಳದಿರಲಾಗದು. ಕನ್ನಡದ ಹೆಸರು ತಮಿಳು ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಎರಡು ಸಲ ವೇಷ ಬದಲಿಸುತ್ತದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ, ಭಗಳಿಗೂ ಒಂದೇ. ಮನೆಯಲ್ಲಿ ಭಾಗ್ಯಮ್ಮನಾಗಿದ್ದವಳು ಕಾರ್ಡಿನಲ್ಲಿ ‘ಪಾಕ್ಕಿಯಮ್ಮಾಳ್’ ಆಗುತ್ತಾಳೆ. ಗಂಡಸರ ವಿಷಯದಲ್ಲಿ ಇನ್ನೊಂದು ಬಗೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರವೊಂದೇ ಇದ್ದು ‘ಎಂ. ಗೋವಿಂದಪ್ಪ’ ಎನಿಸಿದವನು ಪಾಸ್‌ಪೋರ್ಟಿನಲ್ಲಿ ‘ಗೋವಿಂದಪ್ಪ ಮುನಿಯಪ್ಪ’ ಎಂದಾಗುತ್ತಾನೆ. ಪರದೇಶದ ಗುಮಾಸ್ತನು ಮುನಿಯಪ್ಪ ಎಂಬುದನ್ನು ಮನೆತನದ ಹೆಸರೆಂದು ತಿಳಿದು, ಮದುವೆಯ ಪತ್ರದಲ್ಲಿ ವಧುವನ್ನು ‘ಶ್ರೀಮತಿ ಮುನಿಯಪ್ಪ’ ಎಂದು ಬರೆದುಬಿಡುತ್ತಾನೆ. ಹೀಗೆ ಆಕೆ ತನ್ನ ಮಾವನವರ ಹೆಸರನ್ನು ಹೊತ್ತು ಹೊಸೂರಿಗೆ ಬರುತ್ತಾಳೆ! ಕೇಳಿದವರಿಗೆ ನಗು ಬರಬಹುದು; ಆದರೆ ಪಿಂಚಣಿಯ ಅರ್ಜಿಯು ಹಿಂದಕ್ಕೆ ಬರುವುದು ಇಂತಹ ಕಾರಣಕ್ಕೇ. ಇದಕ್ಕೆ ಪರಿಹಾರವೆಂದರೆ, ಎರಡು ಹೆಸರುಗಳೂ ಒಬ್ಬರವೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸುವುದು. ವ್ಯತ್ಯಾಸವು ದೊಡ್ಡದಾಗಿದ್ದರೆ ರಾಜ್ಯಪತ್ರದಲ್ಲಿ ಹೆಸರನ್ನು ಪ್ರಕಟಿಸಿ, ಆ ಪ್ರತಿಯನ್ನು ಇಟ್ಟುಕೊಳ್ಳುವುದು. ಮನೆಯಲ್ಲಿ ನಾಲ್ಕಕ್ಷರ ಓದಿದ ಹುಡುಗ ಹುಡುಗಿಯರು ಇದ್ದರೆ, ಎಲ್ಲ ಪತ್ರಗಳನ್ನೂ ಒಂದು ಮಧ್ಯಾಹ್ನ ಹರಡಿಕೊಂಡು ಹೆಸರುಗಳನ್ನು ಹೋಲಿಸಿ ನೋಡುವ ಕೆಲಸವನ್ನು ಅವರಿಗೆ ಒಪ್ಪಿಸಬಹುದು.

ಇನ್ನು ವಾಸದಿಂದ ಬರುವ ಹಕ್ಕುಗಳು. ಗಂಡ ಭಾರತೀಯನೆಂದು ಹೆಂಡತಿಗೆ ಇಲ್ಲಿ ಇರುವ ಅಧಿಕಾರವು ತಾನಾಗಿ ಬರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವಳು ಭಾರತೀಯನ ಪತ್ನಿಯೆಂಬ ಆಧಾರದ ಮೇಲೆ ‘ಎಕ್ಸ್’ ವರ್ಗದ ಪ್ರವೇಶ ವೀಸಾವನ್ನು ಕೇಳಿ ಪಡೆಯಬೇಕು. ೧೮೦ ದಿನಗಳಿಗೆ ಮೀರಿದ ವೀಸಾ ಉಳ್ಳವರು ಬಂದ ೧೪ ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ಬರೆಸಬೇಕು. ನಮ್ಮ ಕೃಷ್ಣಗಿರಿಯಂತಹ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸು ವರಿಷ್ಠಾಧಿಕಾರಿಯೇ ಆ ಅಧಿಕಾರಿ. ೧೯೪೬ರ ವಿದೇಶೀಯರ ಕಾಯಿದೆಯು ೨೦೨೫ರ ಸೆಪ್ಟೆಂಬರ್ ೧ರಿಂದ ಹೋಗಿ, ಅದರ ಸ್ಥಳದಲ್ಲಿ ವಲಸೆ ಮತ್ತು ವಿದೇಶೀಯರ ಕಾಯಿದೆ ಬಂದಿರುವುದರಿಂದ ಹಳೆಯ ಪುಸ್ತಕವನ್ನು ನೋಡಿ ಸಲಹೆ ಹೇಳುವವರನ್ನು ನಂಬಬಾರದು. ನೇಪಾಳ, ಭೂತಾನಗಳವರಿಗೆ ವೀಸಾದ ಅವಶ್ಯಕತೆಯಿಲ್ಲ. ೧೯೫೦ರ ಭಾರತ-ನೇಪಾಳ ಒಪ್ಪಂದವು ವಾಸ, ಆಸ್ತಿ, ವ್ಯಾಪಾರಗಳಲ್ಲಿ ನೇಪಾಳಿಗಳಿಗೆ ಸಮಾನ ಅವಕಾಶವನ್ನು ಹೇಳಿದೆ.

ನೋಂದಣಿಯಾಗಿ, ಹನ್ನೆರಡು ತಿಂಗಳುಗಳಲ್ಲಿ ೧೮೨ ದಿನಗಳನ್ನು ಇಲ್ಲಿ ಕಳೆದ ಪರದೇಶೀಯಳಿಗೆ ಆಧಾರ್ ದೊರೆಯುತ್ತದೆ. ಅದರ ಅವಧಿಯು ವೀಸಾದ ಅವಧಿಯನ್ನು ಅವಲಂಬಿಸಿರುತ್ತದೆ. ಆಧಾರ್ ಎಂಬುದು ನಿವಾಸಿಯ ಗುರುತೇ ಹೊರತು ಪೌರತ್ವದ ಸಾಕ್ಷಿಯಲ್ಲವೆಂದು ೨೦೧೬ರ ಆಧಾರ್ ಕಾಯಿದೆಯಲ್ಲಿಯೇ ಬರೆದಿದೆ. ಹೀಗಿದ್ದರೂ ಬ್ಯಾಂಕಿನ ಖಾತೆ, ನಾಮನಿರ್ದೇಶನ ಮೊದಲಾದ ಎಷ್ಟೋ ಕೆಲಸಗಳು ಈಗ ಅದರ ಆಸರೆಯಿಂದಲೇ ಸಾಗುವುದರಿಂದ ಅದನ್ನು ಬೇಗನೆ ಮಾಡಿಸುವುದು ಲೇಸು.

ಮದುವೆಯು ನೋಂದಣಿಯಾಗಿ ಎರಡು ವರ್ಷಗಳು ಕಳೆದ ಮೇಲೆ ಆಕೆ ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೆ, ಅಂದರೆ ಒ.ಸಿ.ಐ. ಕಾರ್ಡಿಗೆ, ಅರ್ಜಿ ಹಾಕಬಹುದು. ತಾನಾಗಲಿ ತನ್ನ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜಂದಿರಾಗಲಿ ಪಾಕಿಸ್ತಾನ ಬಾಂಗ್ಲಾದೇಶಗಳ ಪೌರರಾಗಿದ್ದವರಿಗೆ ಈ ಕಾರ್ಡು ಇಲ್ಲ. ಹೆಸರಿನಲ್ಲಿ ‘ಪೌರ’ ಎಂಬ ಮಾತಿದ್ದರೂ ಇದು ಪೌರತ್ವವಲ್ಲ. ಮತದಾನವಿಲ್ಲ, ಸರಕಾರಿ ನೌಕರಿಯಿಲ್ಲ. ಆದರೆ ಬಾಳಿನುದ್ದಕ್ಕೂ ಬಂದುಹೋಗುವ ಅನುಮತಿಯುಂಟು, ಪೊಲೀಸು ನೋಂದಣಿಯ ಕಾಟವಿಲ್ಲ, ಖಾಸಗಿ ಕೆಲಸಕ್ಕೆ ಸೇರಲು ಅಡ್ಡಿಯಿಲ್ಲ. ನ್ಯಾಯಾಲಯವು ವಿವಾಹವನ್ನು ವಿಚ್ಛೇದಿಸಿದರೆ ಕಾರ್ಡು ರದ್ದಾಗಬಹುದು.

ಈಗ ಪೌರತ್ವದ ಪ್ರಶ್ನೆ. ೧೯೫೫ರ ಪೌರತ್ವ ಕಾಯಿದೆಯ ೫ನೆಯ ಪ್ರಕರಣದ ಇತಿಹಾಸವು ತಾನೇ ಒಂದು ಪಾಠವಾಗಿದೆ. ಮೊದಲಿಗೆ ಆ ಕಾಯಿದೆಯು, ಭಾರತದ ಪೌರರನ್ನು ಮದುವೆಯಾಗಿರುವ ಅಥವಾ ಹಿಂದೆ ಮದುವೆಯಾಗಿದ್ದ ಸ್ತ್ರೀಯರು ನೋಂದಣಿಯಿಂದ ಪೌರರಾಗಬಹುದೆಂದಿತ್ತು. ವರ್ಷಗಳ ಲೆಕ್ಕವನ್ನು ಕೇಳಿರಲಿಲ್ಲ. ಅಳಿಯಂದಿರಿಗೆ ಮಾತ್ರ ಆ ಬಾಗಿಲು ತೆರೆದಿರಲಿಲ್ಲ. ೧೯೮೬ರ ತಿದ್ದುಪಡಿಯು ‘ಸ್ತ್ರೀಯರು’ ಎಂಬುದನ್ನು ‘ವ್ಯಕ್ತಿಗಳು’ ಎಂದು ಮಾಡಿ ಗಂಡಸರಿಗೂ ಅವಕಾಶವಿತ್ತು, ಐದು ವರ್ಷಗಳ ವಾಸವನ್ನು ವಿಧಿಸಿತು. ೨೦೦೩ರ ತಿದ್ದುಪಡಿಯು ಅದನ್ನು ಏಳು ವರ್ಷಗಳಿಗೆ ಏರಿಸಿತು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಎಡೆಬಿಡದೆ ಇಲ್ಲಿರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷಗಳಾದರೂ ಇಲ್ಲಿ ವಾಸಿಸಿರಬೇಕು. ಹನ್ನೆರಡು ತಿಂಗಳ ವಿಷಯದಲ್ಲಿ ವಿಶೇಷ ಕಾರಣವಿದ್ದರೆ ೩೦ ದಿನಗಳವರೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ೨೦೧೫ರಲ್ಲಿ ಸೇರಿಸಿದರು. ತೌರಿನಲ್ಲಿ ತಾಯಿ ಕಾಯಿಲೆ ಬಿದ್ದರೆ ಹೋಗಿಬರಲು ಅಷ್ಟೇ ಆಸ್ಪದ!

ಇದಕ್ಕಿಂತಲೂ ಗಮನಿಸತಕ್ಕುದು ೨೦೦೩ರಲ್ಲಿ ಬಿಟ್ಟುಹೋದ ಎರಡು ಮಾತುಗಳು. ‘ಅಥವಾ ಮದುವೆಯಾಗಿದ್ದ’ ಎಂಬುದು ಹೋಗಿ ‘ಮದುವೆಯಾಗಿರುವ’ ಎಂಬುದಷ್ಟೇ ಉಳಿಯಿತು. ಏಳು ವರ್ಷ ತುಂಬುವುದಕ್ಕೆ ಮೊದಲೇ ಗಂಡನನ್ನು ಕಳೆದುಕೊಂಡವಳಿಗೆ, ಯಾರಿಗೆ ಆಸರೆಯು ಹೆಚ್ಚು ಬೇಕೋ ಅವಳಿಗೇ, ಈ ದಾರಿಯು ಕಿರಿದಾಯಿತು. ಈ ಬದಲಾವಣೆಯು ನ್ಯಾಯವೆಂದು ನನಗೆ ತೋರುವುದಿಲ್ಲ. ಆದರೆ ಒ.ಸಿ.ಐ. ಕಾರ್ಡನ್ನು ಮೊದಲೇ ಪಡೆದವಳಿಗೆ ಮತ್ತೊಂದು ದಾರಿಯಿದೆ: ಕಾರ್ಡು ಪಡೆದು ಐದು ವರ್ಷಗಳಾಗಿ, ಅರ್ಜಿಗೆ ಮುಂಚಿನ ಒಂದು ವರ್ಷ ಇಲ್ಲಿ ವಾಸವಾಗಿದ್ದರೆ, ಅದೇ ಪ್ರಕರಣದ ಬೇರೊಂದು ಉಪವಿಧಿಯಂತೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಲ್ಲಿ ಗಂಡನು ಬದುಕಿರಬೇಕೆಂಬ ಷರತ್ತಿಲ್ಲ. ಆದಕಾರಣ ಎರಡು ವರ್ಷ ತುಂಬಿದೊಡನೆ ಒ.ಸಿ.ಐ. ಕಾರ್ಡು ಮಾಡಿಸುವುದನ್ನು ಕೇವಲ ಪ್ರಯಾಣದ ಸೌಕರ್ಯವೆಂದು ತಿಳಿಯಬಾರದು. ಪೌರತ್ವವನ್ನು ಸ್ವೀಕರಿಸುವಾಗ ತನ್ನ ದೇಶದ ಪೌರತ್ವವನ್ನು ತ್ಯಜಿಸಬೇಕೆಂಬುದು ಮಾತ್ರ ತಪ್ಪದು. ನಮ್ಮ ದೇಶದಲ್ಲಿ ದ್ವಿಪೌರತ್ವವಿಲ್ಲ. ಅರ್ಜಿಯು ಜಿಲ್ಲಾ ಕಲೆಕ್ಟರರ ಮೂಲಕ ರಾಜ್ಯ ಸರಕಾರಕ್ಕೂ ಅಲ್ಲಿಂದ ಕೇಂದ್ರದ ಗೃಹ ಇಲಾಖೆಗೂ ಹೋಗುವುದು.

ಅಷ್ಟರವರೆಗೆ ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ಬರುವುದು ಕಷ್ಟವೇ. ಹಾಗೆಂದು ಇಡೀ ಕುಟುಂಬದ ಕಾರ್ಡನ್ನು ನಿಲ್ಲಿಸಿಕೊಳ್ಳಬೇಕಾದುದಿಲ್ಲ. ಗಂಡನ ಹಾಗೂ ಪೌರರಾದ ಮಕ್ಕಳ ಹೆಸರಿನಲ್ಲಿ ಅದನ್ನು ಪಡೆಯಬೇಕು. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯೂ ಆ ಕಾರ್ಡನ್ನೇ ಆಧರಿಸಿದೆ. ಆನೇಕಲ್ಲಿನ ನಂಟರು ಕರ್ನಾಟಕದಲ್ಲಿ ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ೨,೦೦೦ ರೂಪಾಯಿಗಳ ಮಾತನ್ನೂ, ಇಲ್ಲಿಯವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾದ ಮಹಿಳಾ ಹಕ್ಕಿನ ಮೊತ್ತದ ೧,೦೦೦ ರೂಪಾಯಿಗಳ ಮಾತನ್ನೂ ಎತ್ತುವುದುಂಟು. ಎರಡೂ ಆಯಾ ರಾಜ್ಯದ ರೇಷನ್ ಕಾರ್ಡನ್ನು ನೋಡಿ ಕೊಡತಕ್ಕವು. ಗಡಿಯ ಎರಡು ಕಡೆಯೂ ಕೈ ಚಾಚಲಾಗದು.

ಇಷ್ಟು ಹೊತ್ತು ಸೊಸೆಯ ಮಾತಾಯಿತು. ಎಲ್ಲಕ್ಕಿಂತ ಗಂಭೀರವಾದುದು ಮಗುವಿನದು. ಭಾರತದಲ್ಲಿ ಹುಟ್ಟಿದವರ ಪೌರತ್ವವು ಹುಟ್ಟಿದ ದಿನವನ್ನು ಅನುಸರಿಸಿ ಮೂರು ಬಗೆಯಾಗಿದೆ. ೧೯೫೦ರ ಜನವರಿ ೨೬ರಿಂದ ೧೯೮೭ರ ಜೂನ್ ಕೊನೆಯವರೆಗೆ ಇಲ್ಲಿ ಹುಟ್ಟಿದವರು, ತಂದೆತಾಯಿಗಳು ಯಾರೇ ಆಗಿರಲಿ, ಬಹಳ ಕಡಮೆ ಅಪವಾದಗಳನ್ನು ಬಿಟ್ಟರೆ ಪೌರರು. ೧೯೮೭ರ ಜುಲೈ ೧ರಿಂದ ೨೦೦೪ರ ಡಿಸೆಂಬರ್ ೩ಕ್ಕೆ ಮೊದಲು ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಅದೂ ಸಾಲದು. ಒಬ್ಬರು ಪೌರರಾಗಿದ್ದು, ಮಗು ಹುಟ್ಟಿದಾಗ ಮತ್ತೊಬ್ಬರು ‘ಅಕ್ರಮ ವಲಸಿಗ’ರಾಗಿರಬಾರದು. ಪಾಸ್‌ಪೋರ್ಟಿಲ್ಲದೆ ಬಂದವರಷ್ಟೇ ಅಕ್ರಮ ವಲಸಿಗರಲ್ಲ. ಸರಿಯಾದ ಪತ್ರದೊಡನೆ ಬಂದು, ಅವಧಿ ತೀರಿದ ಮೇಲೂ ಉಳಿದುಕೊಂಡವರೂ ಆ ವಿವರಣೆಯೊಳಗೆ ಬರುತ್ತಾರೆ. ಇದರ ಅರ್ಥವನ್ನು ವಾಚಕರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಗರ್ಭಿಣಿಯಾದ ಪರದೇಶದ ಸೊಸೆಯ ವೀಸಾ ಅವಧಿಯು ಮುಗಿದಿದೆ. ಹೆರಿಗೆಯಾಗಲಿ, ಆಮೇಲೆ ನೋಡೋಣವೆಂದು ಮನೆಯವರು ಸುಮ್ಮನಿರುತ್ತಾರೆ. ಆ ನಡುವೆ ಹುಟ್ಟಿದ ಕೂಸು, ತಂದೆಯು ತಲೆತಲಾಂತರದ ಹೊಸೂರಿನವನಾಗಿದ್ದರೂ, ಹುಟ್ಟಿನಿಂದ ಭಾರತದ ಪೌರನೆನಿಸಿಕೊಳ್ಳುವುದಕ್ಕೆ ಕಾಯಿದೆಯು ಅಡ್ಡ ನಿಲ್ಲುತ್ತದೆ. ಒಂದು ಕಾಗದದ ನವೀಕರಣವನ್ನು ಮುಂದೂಡಿದುದಕ್ಕೆ ತೆರುವ ಬೆಲೆ ಇದು. ಮಗುವು ಪರದೇಶದಲ್ಲಿ ಹುಟ್ಟಿದ್ದರೆ ಒಂದು ವರ್ಷದೊಳಗೆ ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುವುದು.

ಈ ನಿಯಮದ ಬಿಸಿಯು ತಟ್ಟುವುದು ವಿಮಾನದಲ್ಲಿ ಬಂದವರಿಗಷ್ಟೇ ಅಲ್ಲ. ಹೊಸೂರಿಗೆ ಸಮೀಪದ ಕೆಲವರಪಳ್ಳಿಯಲ್ಲಿ ಶ್ರೀಲಂಕಾ ತಮಿಳರ ಶಿಬಿರವಿರುವುದನ್ನು ನಮ್ಮವರೆಲ್ಲರೂ ಬಲ್ಲರು. ೨೦೨೧ರಿಂದ ಇಂತಹವುಗಳನ್ನು ಮರುವಾಳ್ವು ಶಿಬಿರಗಳೆಂದು ಕರೆಯುತ್ತಾರೆ. ಇದರ ಹಿಂದೆ ಹಳೆಯ ಕಥೆಯಿದೆ. ೧೯೬೪ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ ಸಿಂಹಳದ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದವರಲ್ಲಿ ೫,೨೫,೦೦೦ ಜನರನ್ನು ಭಾರತವು ಸ್ವೀಕರಿಸಬೇಕೆಂದಾಯಿತು. ಹಾಗೆ ಭಾರತದ ಪಾಸ್‌ಪೋರ್ಟಿನೊಡನೆ ಮರಳಿದವರು ಪೌರರು. ೧೯೮೩ರ ಜುಲೈ ತಿಂಗಳ ಹಿಂಸೆಯ ತರುವಾಯ ಪ್ರಾಣಭಯದಿಂದ ದೋಣಿಯೇರಿ ಬಂದವರು ನಿರಾಶ್ರಿತರು. ಇವರಲ್ಲಿಯೂ ಮೂಲತಃ ಇದೇ ನಾಡಿನಿಂದ ಹೋದ ತೋಟದ ಕೂಲಿಗಳ ಸಂತತಿಯವರು ಉಂಟು. ಒಂದೇ ಮನೆತನದ ಎರಡು ಕವಲುಗಳಲ್ಲಿ ಒಂದು ಪೌರರಾಗಿ, ಇನ್ನೊಂದು ಪೌರರಲ್ಲದವರಾಗಿ ಉಳಿಯುವಂತಾದುದು ಪತ್ರಗಳ ಭೇದದಿಂದ.

ಶಿಬಿರದಲ್ಲಿ ಬೆಳೆದ ಕನ್ಯೆಯನ್ನು ಊರಿನ ಯುವಕನು ಮದುವೆಯಾದರೆ ಮೊದಲು ನೋಡತಕ್ಕುದು ಆಕೆಯ ಜನನ ಪತ್ರವನ್ನು. ೧೯೮೭ರ ಜುಲೈ ೧ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ್ದರೆ ಆಕೆ ಪೌರಳೇ. ಮಂಡಪಂ ಶಿಬಿರದಲ್ಲಿ ೧೯೮೬ರಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ಪಾಸ್‌ಪೋರ್ಟ್ ಕೊಡಬೇಕೆಂದು ಮದರಾಸು ಹೈಕೋರ್ಟು ೨೦೨೨ರಲ್ಲಿ ಈ ಆಧಾರದ ಮೇಲೆಯೇ ಆಜ್ಞೆ ಮಾಡಿತು. ಆ ದಿನದಿಂದೀಚೆಗೆ ಹುಟ್ಟಿದವಳಿಗೆ ತೊಡಕು ಹೆಚ್ಚು. ‘ಅಕ್ರಮ ವಲಸಿಗ’ ಎಂದರೆ ಭಾರತವನ್ನು ‘ಪ್ರವೇಶಿಸಿದ’ ವಿದೇಶೀಯನೆಂದು ಕಾಯಿದೆ ಹೇಳುತ್ತದೆ. ಇಲ್ಲಿಯೇ ಹುಟ್ಟಿ ಎಂದೂ ಕಡಲು ದಾಟದವಳು ಪ್ರವೇಶಿಸಿದುದೆಲ್ಲಿಂದ? ಈ ಪ್ರಶ್ನೆಯನ್ನು ಇಂತಹವರ ಪರವಾಗಿ ವಕೀಲರು ಎತ್ತಬಹುದಾಗಿದೆ. ೨೦೧೫ರ ಜನವರಿ ೯ರವರೆಗೆ ಬಂದು ಹೆಸರು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್ ವೀಸಾಗಳಿಲ್ಲದ ಕಾರಣಕ್ಕೆ ಆಗಬಹುದಾದ ಶಿಕ್ಷೆಯಿಂದ ೨೦೨೫ರ ಸೆಪ್ಟೆಂಬರಿನ ಆದೇಶವು ವಿನಾಯಿತಿಯಿತ್ತಿದೆ. ಇದರಿಂದ ಶಿಕ್ಷೆಯ ಭಯ ತಪ್ಪಿತು, ಪೌರತ್ವ ಬಂದಂತಾಗಲಿಲ್ಲ. ಇನ್ನೊಂದೆಡೆ, ರಾಜ್ಯದ ಆರೋಗ್ಯ ವಿಮೆಯಲ್ಲಿ ಶಿಬಿರವಾಸಿಗಳನ್ನು ವರಮಾನದ ಮಿತಿಯನ್ನೂ ನೋಡದೆ ಸೇರಿಸಿದ್ದಾರೆ. ಸರಕಾರವು ಮನಸ್ಸು ಮಾಡಿದರೆ ಪೌರರಲ್ಲದವರಿಗೂ ಸವಲತ್ತನ್ನು ಕೊಡಬಹುದೆಂಬುದಕ್ಕೆ ಇದು ನಿದರ್ಶನ.

ಬೇರೆ ದೇಶಗಳೂ ಈ ವಿಷಯದಲ್ಲಿ ಉದಾರಿಗಳೇನಲ್ಲ. ಬ್ರಿಟನ್ನಿನಲ್ಲಿ ಅಲ್ಲಿಯ ಪೌರನ ಪರದೇಶೀ ಪತ್ನಿಗೆ ಕೊಡುವ ವೀಸಾದಲ್ಲಿಯೇ ಸಾರ್ವಜನಿಕ ನಿಧಿಯನ್ನು ಅವಲಂಬಿಸಕೂಡದೆಂಬ ಷರತ್ತು ಇರುತ್ತದೆ. ಆದರೆ ದುಡಿದು ಕಟ್ಟಿದ ಹಣದ ಹಕ್ಕು ಗಡಿಯನ್ನು ದಾಟಬಲ್ಲದು. ಭಾರತವು ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಜಪಾನ್, ಕೊರಿಯಾ, ಕೆನಡಾ ಮೊದಲಾದ ದೇಶಗಳೊಡನೆ ಸಾಮಾಜಿಕ ಭದ್ರತಾ ಒಪ್ಪಂದಗಳನ್ನು ಮಾಡಿಕೊಂಡಿದೆ. ಬೆಲ್ಜಿಯಂನೊಡನೆ ಮಾಡಿದುದು ೨೦೦೯ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಮರಳಿದವನು ಅಂತಹ ದೇಶದಲ್ಲಿ ಪಿಂಚಣಿ ನಿಧಿಗೆ ವಂತಿಗೆ ಕಟ್ಟಿದ್ದರೆ ಆ ಲೆಕ್ಕವನ್ನು ಬಿಡಬಾರದು. ಸೊಸೆಗೂ ಆಕೆಯ ತೌರಿನ ದೇಶದ ಹಕ್ಕುಗಳು ಇರಬಹುದು. ಫಿಲಿಪ್ಪೀನ್ಸಿನ ಸಾಮಾಜಿಕ ಭದ್ರತಾ ನಿಧಿಗೆ ೧೨೦ ತಿಂಗಳು ವಂತಿಗೆ ಕಟ್ಟಿದವರಿಗೆ ಮುಪ್ಪಿನಲ್ಲಿ ಪಿಂಚಣಿಯುಂಟು. ಆಕೆ ನೂರು ತಿಂಗಳು ಕಟ್ಟಿ ಮದುವೆಯಾಗಿ ಬಂದಿದ್ದರೆ, ಉಳಿದ ಇಪ್ಪತ್ತನ್ನು ಇಲ್ಲಿಂದಲೇ ತುಂಬುವ ದಾರಿಯನ್ನು ವಿಚಾರಿಸುವುದು ಜಾಣತನ. ಗಂಡನ ಮನೆಗೆ ಬಂದವಳಿಗೆ ಇನ್ನು ತೌರಿನ ಲೆಕ್ಕವೇಕೆಂದು ಅತ್ತೆಮಾವಂದಿರು ಹೇಳಬಾರದು.

ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂದು ಕೆಲವರು ಅಳುಕುತ್ತಾರೆ. ಕುಂದುಕೊರತೆಗಳ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ ೩೫೦ನೆಯ ವಿಧಿಯು ‘ಪ್ರತಿಯೊಬ್ಬ ವ್ಯಕ್ತಿಗೆ’ ಕೊಟ್ಟಿದೆ. ಕನ್ನಡದಲ್ಲಿ ಬರೆಯಬಹುದು, ಜೊತೆಗೆ ತಮಿಳಿನ ಇಲ್ಲವೆ ಇಂಗ್ಲಿಷಿನ ಪ್ರತಿಯೊಂದನ್ನು ಇಟ್ಟರೆ ಕೆಲಸವು ಬೇಗ ಸಾಗುವುದು. ಅರ್ಜಿಯು ಎಲ್ಲಿ ನಿಂತಿದೆಯೆಂದು ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳುವುದಾದರೆ, ಆ ಹಕ್ಕು ಪೌರರಿಗೆ ಮಾತ್ರ ಇರುವುದರಿಂದ, ಗಂಡನ ಅಥವಾ ಮಾವನ ಸಹಿಯಿಂದ ಕೇಳಬೇಕು. ಆದರೆ ಉಚಿತ ಕಾನೂನು ನೆರವಿಗೆ ಆ ಕಟ್ಟಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಪ್ರಕರಣವು ಸ್ತ್ರೀಯರಿಗೂ ಮಕ್ಕಳಿಗೂ ವರಮಾನವನ್ನು ನೋಡದೆ ನೆರವು ಸಲ್ಲಬೇಕೆನ್ನುತ್ತದೆ. ಪೌರಳಾಗಿರಬೇಕೆಂದು ಅಲ್ಲಿ ಬರೆದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಆಕೆ ತಾನೇ ಹೋಗಿ ಅರ್ಜಿ ಕೊಡಬಹುದು.